ಕಂಡಕ್ಟರ್ ಕಲಾವತಿ ತೂಕ ಇಳಿಸಿಕೊಂಡದ್ದು

ಕಲಾವತಿ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದಳು. ಕೆಂಗೇರಿಯಿಂದ ಮೆಜೆಸ್ಟಿಕ್ಕಿಗೆ, ಮೆಜೆಸ್ಟಿಕ್ಕಿನಿಂದ ಕೆಂಗೇರಿಗೆ ದಿನವಿಡೀ ಓಡಾಟ. ಊರು ಕುಷ್ಟಗಿ ಹತ್ತಿರದ ಹಳ್ಳಿ. ಮಗಳು ಚೇತನಾ ಇನ್ನೂ ಪ್ರೈಮರಿ ಶಾಲೆಯಲ್ಲಿದ್ದಾಗ ಯಾರೋ ಅರ್ಜಿ ಹಾಕು ಎಂದರು ಅಂತ ಹಾಕಿದಳು, ಕೆಲಸ ಸಿಕ್ಕೇಬಿಟ್ಟಿತು. 'ಹೆಣ್ತಿ ಬೆನ್ನ ಹತ್ತಿ ಹೊಂಟಾನ' ಎಂದು ಊರವರು ನಕ್ಕರೂ ಗಂಡ ವಿಠ್ಠಲ ತಲೆ ಕೆಡಿಸಿಕೊಳ್ಳಲಿಲ್ಲ. ಅವಳ ಜೊತೆ ಬಂದು ನಾಯಂಡಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಲೇಥ್ ಕೆಲಸಕ್ಕೆ ಸೇರಿಕೊಂಡ. ಪಂತರಪಾಳ್ಯದ ನಮ್ಮ ವಠಾರದಲ್ಲಿ ಮನೆ ಹಿಡಿದರು. ಹಾಗಾಗಿ ಇದರಲ್ಲಿ ಹೆಚ್ಚಿನದು ನಾನು ಕಂಡದ್ದು. ಕಾಣದ್ದನ್ನು ಚೇತನಾಳಿಂದಲೂ ಡ್ರೈವರ್ ಸೇತುರಾಮನಿಂದಲೂ ಕೇಳಿದ್ದೇನೆ.

ಬಂದ ಹೊಸದರಲ್ಲಿ ಕಲಾವತಿ ಕಡ್ಡಿಯ ಹಾಗಿದ್ದಳು. ಬಸ್ಸು ತುಂಬಿ ತುಳುಕುತ್ತಿದ್ದರೂ ಜನರ ನಡುವೆ ನುಸುಳಿಕೊಂಡು ಹಿಂದಿನ ಬಾಗಿಲಿನಿಂದ ಮುಂದಿನ ಬಾಗಿಲಿನವರೆಗೆ ಟಿಕೆಟ್ ಕೊಟ್ಟು ಬರುತ್ತಿದ್ದಳು. ಗರ್ಭಕೋಶದ ಆಪರೇಷನ್ ಆದಮೇಲೆ ಮೈ ಬರತೊಡಗಿತು. ಡ್ಯೂಟಿಯ ಊಟವೂ ಹಾಗೇ ಇತ್ತು. ಬೆಳಿಗ್ಗೆ ಖಾಲಿ ಹೊಟ್ಟೆಗೆ ಎರಡು ಟೀ, ಮಧ್ಯಾಹ್ನ ಸಿಕ್ಕಿದ ಹೊತ್ತಿಗೆ ಚಿತ್ರಾನ್ನವೋ ಬೋಂಡವೋ, ಮನೆಗೆ ಬಂದಮೇಲೆ ಹಸಿವು ತಡೆಯಲಾರದೆ ಇದ್ದಬದ್ದ ರೊಟ್ಟಿ. ನೋಡನೋಡುತ್ತಿದ್ದಂತೆ ಖಾಕಿ ಅಂಗಿಯ ಗುಂಡಿ ಹಾಕಲಾಗದಂತಾಯಿತು. ಮಂಡಿ ನೋವು ಹಿಡಿಯಿತು. ಬಿ.ಪಿ. ಕೂಡ ಇದೆ ಎಂದು ಗೊತ್ತಾಗಿ ದಿನಾ ಒಂದು ಮಾತ್ರೆ ಶುರುವಾಯಿತು.

ಬಸ್ಸಿನಲ್ಲಿ ಜನ ಸುಮ್ಮನಿರುವವರಲ್ಲ. ಒಂದು ಬೆಳಿಗ್ಗೆ ಆರ್.ವಿ. ಕಾಲೇಜಿನ ಕಡೆಯ ಹುಡುಗರ ಗುಂಪು ನಿಂತಿತ್ತು. ಕಲಾವತಿ 'ಸ್ವಲ್ಪ ಸರೀರಿ' ಎಂದಾಗ ಅದರಲ್ಲೊಬ್ಬ, "ಮಗಾ, ಆಂಟಿ ಪಾಸ್ ಆಗ್ಬೇಕಂದ್ರೆ ನಾವೆಲ್ಲ ಕೆಳಗೆ ಇಳೀಬೇಕು ಕಣೋ" ಎಂದ. ಮುಂದೆ ಕೂತಿದ್ದ ಹೆಂಗಸರೂ ಸೆರಗು ಅಡ್ಡ ಹಿಡಿದು ನಕ್ಕರು. ಕಲಾವತಿ ಅವನಿಗೂ ಟಿಕೆಟ್ ಹರಿದುಕೊಟ್ಟು ಮುಂದೆ ಹೋದಳು. ಅಂಥವು ಅವಳಿಗೆ ಅಭ್ಯಾಸವಾಗಿದ್ದವು. ಅವಳಿಗೆ ಹೆಚ್ಚು ಚುಚ್ಚಿದ್ದು ಗಂಡನ ಮಾತು. ವಿಠ್ಠಲನ ಹತ್ತಿರ ಹಳೆಯದೊಂದು ಮೊಪೆಡ್ ಇತ್ತು. ಭಾನುವಾರ ಅವಳನ್ನು ಹಿಂದೆ ಕೂರಿಸಿಕೊಂಡು ಕೆಂಗೇರಿ ಸಂತೆಗೋ ವಿಜಯನಗರದ ಮಾರ್ಕೆಟ್ಟಿಗೋ ಹೋಗುವುದು ರೂಢಿ. ಒಂದು ಭಾನುವಾರ ಅವಳು ಸೀರೆ ಉಟ್ಟು ಹೊರಗೆ ಬಂದರೆ ಅವನು ಗಾಡಿಯನ್ನು ಒರೆಸುತ್ತಾ, ಅವಳ ಕಡೆ ನೋಡದೆ, "ನೀ ಬಸ್ಸಿಗೆ ಬಾ. ಗಾಡಿ ಎಳೆಯಂಗಿಲ್ಲ" ಎಂದ. ಬೈಗುಳವಲ್ಲ, ಇದ್ದ ವಿಷಯ ಹೇಳಿದ ಹಾಗೆ ಹೇಳಿದ. ಅವಳು ಒಳಗೆ ಹೋಗಿ ಸೀರೆ ಬದಲಿಸಿದಳು. ಮಾರ್ಕೆಟ್ಟಿಗೆ ಹೋಗಲೇ ಇಲ್ಲ.

ಏನೂ ಮಾಡದೆ ಕೂತಿದ್ದಳು ಎಂದಲ್ಲ. ಅನ್ನ ಬಿಟ್ಟಳು, ಬಿಸಿನೀರಿಗೆ ನಿಂಬೆಹಣ್ಣು ಹಿಂಡಿಕೊಂಡು ಕುಡಿದಳು, ವಠಾರದ ಮಹಡಿ ಮೇಲೆ ಬೆಳಗಾಗುವ ಮುಂಚೆ ನಡೆದಳು. ನಡೆದರೆ ಮಂಡಿ ಊದುತ್ತಿತ್ತು. ತೋರಿಸಿದ ಡಾಕ್ಟರುಗಳೆಲ್ಲ "ತೂಕ ಇಳಿಸಿ" ಎಂದರೇ ಹೊರತು ಹೇಗೆಂದು ಕೂತು ಹೇಳುವಷ್ಟು ಹೊತ್ತು ಯಾರಿಗೂ ಇರಲಿಲ್ಲ. ಬಸವೇಶ್ವರನಗರದಲ್ಲಿ ತೂಕ ಇಳಿಸುವುದಕ್ಕೆಂದೇ ಗಾಜಿನ ಬಾಗಿಲಿನ ಒಂದು ಸೆಂಟರ್ ಆಗಿತ್ತು. ಧೈರ್ಯ ಮಾಡಿ ಒಳಗೆ ಹೋಗಿ ವಿಚಾರಿಸಿದಳು. ಅವರು ಹೇಳಿದ ಪ್ಯಾಕೇಜು ಅವಳ ಎಷ್ಟೋ ತಿಂಗಳ ಸಂಬಳ. "ಮನ್ಯಾಗ ಕೇಳಿ ಹೇಳ್ತೀನ್ರೀ" ಎಂದು ಎದ್ದು ಬಂದಳು.

2008ರ ಆಚೀಚೆ ಇರಬೇಕು. ಚೇತನಾ ಆಗ ವಿಜಯನಗರದಲ್ಲಿ ಪಿಯುಸಿ ಓದುತ್ತಿದ್ದಳು. ಕಾಲೇಜಿನ ಕೆಲಸಕ್ಕೆ ಸೈಬರ್ ಸೆಂಟರಿಗೆ ಹೋದಾಗ ಕಂಪ್ಯೂಟರಿನಲ್ಲಿ ಒಂದು ಜಾಹೀರಾತು ಕಂಡಿತು. ಮನೆಯಲ್ಲೇ ಕೂತು ಡಾಕ್ಟರ ಸಲಹೆ ಪಡೆಯಿರಿ, ಚೀಟಿಯೂ ನಾವೇ ಕೊಡುತ್ತೇವೆ, ಮಾತ್ರೆ ಕೊರಿಯರ್‌ನಲ್ಲಿ ಮನೆಗೇ ಬರುತ್ತದೆ, ಹೊರಗಿನ ಅರ್ಧ ಬೆಲೆ ಎಂದಿತ್ತು. ಬಿಳಿ ಕೋಟು ಹಾಕಿದ ಡಾಕ್ಟರರ ಫೋಟೋ, ಕೆಳಗೆ ರಾಜಾಜಿನಗರದ ವಿಳಾಸ. ಹುಡುಗಿ ಸಂಭ್ರಮದಿಂದ ಬಂದು ತಾಯಿಗೆ ಹೇಳಿದಳು. ಮಾರನೆಯ ವಾರದ ರಜೆಯಲ್ಲಿ ಕಲಾವತಿ ಮಗಳೊಂದಿಗೆ ಸೈಬರಿಗೆ ಹೋದಳು. ಪ್ಲೈವುಡ್ಡಿನ ಇಕ್ಕಟ್ಟಿನ ಗೂಡಿನಲ್ಲಿ ಇಬ್ಬರಿಗೆ ಒಂದೇ ಕುರ್ಚಿ. ಅಮ್ಮ ಕೂತಳು, ಮಗಳು ನಿಂತುಕೊಂಡೇ ಟೈಪ್ ಮಾಡಿದಳು.

ಕಂಪ್ಯೂಟರ್ ಒಂದೊಂದೇ ಪ್ರಶ್ನೆ ಕೇಳಿತು. ವಯಸ್ಸು, ಎತ್ತರ, ತೂಕ. ಸಕ್ಕರೆ ಕಾಯಿಲೆ ಇದೆಯೇ. ಆಮೇಲೆ ಬಿ.ಪಿ. ಇದೆಯೇ ಎಂದು ಕೇಳಿತು.

"ಅವ್ವಾ, ಬಿ.ಪಿ. ಐತಿ ಅಂತ ಹಾಕ್ಲಾ?"

"ಹಾಕಿದ್ರ ಏನಾಕ್ಕೈತಿ?"

ಚೇತನಾ 'ಇದೆ' ಎಂಬುದನ್ನು ಒತ್ತಿ ನೋಡಿದಳು. ತಮಗೆ ಈ ಚಿಕಿತ್ಸೆ ಹೊಂದುವುದಿಲ್ಲ, ಹತ್ತಿರದ ವೈದ್ಯರನ್ನು ಕಾಣಿರಿ ಎಂದು ಇಂಗ್ಲಿಷಿನಲ್ಲಿ ಕೆಂಪು ಅಕ್ಷರ ಮೂಡಿತು. ಚೇತನಾ ಅದನ್ನು ಕನ್ನಡದಲ್ಲಿ ಹೇಳಿದಳು. ಕಲಾವತಿ, "ಹತ್ತಿರದ ವೈದ್ಯರನ್ನ ಕಂಡು ಕಂಡು ಸಾಕಾಗೇತಿ. ಇಲ್ಲ ಅಂತ ಹಾಕು. ಗುಳಿಗಿ ತಗೊಳ್ಳಾಕತ್ತೀನಿ, ಬಿ.ಪಿ. ಈಗ ಎಲ್ಲೈತಿ?" ಎಂದಳು.

"ಬ್ಯಾಡಬೇ ಅವ್ವಾ, ಸುಳ್ಳು ಹಾಕೂದು..."

"ಹಾಕಂದ್ರ ಹಾಕು. ಅಪ್ಪಗ ಹೇಳಬ್ಯಾಡ."

ಹುಡುಗಿ ಹಿಂದಕ್ಕೆ ಹೋಗಿ 'ಇಲ್ಲ' ಎಂಬುದನ್ನು ಒತ್ತಿದಳು. ಈ ಸಲ ಹಸಿರು ಅಕ್ಷರ ಬಂದು ಅಭಿನಂದನೆ ಹೇಳಿತು.

ವಾರದೊಳಗೆ ಕೊರಿಯರ್‌ನವನು ಪೊಟ್ಟಣ ತಂದುಕೊಟ್ಟ. ಒಳಗೆ ಮಾತ್ರೆಯ ಪಟ್ಟಿಗಳ ಜೊತೆ ಡಾಕ್ಟರ ಸಹಿಯಿದ್ದ ಚೀಟಿ. ಮಾತ್ರೆ ನಿಜವಾದದ್ದೇ. ಆ ಕಾಲಕ್ಕೆ ಎಲ್ಲ ಮೆಡಿಕಲ್ ಸ್ಟೋರಿನಲ್ಲೂ ಚೀಟಿ ಕೊಟ್ಟರೆ ಸಿಗುತ್ತಿತ್ತು. ಕೆಲವು ವರ್ಷಗಳ ಮೇಲೆ ಸರ್ಕಾರ ಅದರ ಮಾರಾಟ ನಿಲ್ಲಿಸಿತೆಂದು ಪೇಪರಿನಲ್ಲಿ ಓದಿದೆ. ಅವಳಿಗೆ ಅಗ್ಗದ ಸುಳ್ಳು ಮಾತ್ರೆ ಕೊಟ್ಟು ಮೋಸ ಮಾಡಿದರು ಎಂದು ವಠಾರದಲ್ಲಿ ಹೇಳುವವರಿದ್ದಾರೆ. ಹಾಗಲ್ಲ. ಮಾತ್ರೆ ಕೆಲಸ ಮಾಡಿತು. ಅದೇ ಕಷ್ಟವಾದದ್ದು.

ಮೊದಲ ದಿನದಿಂದಲೇ ಹಸಿವು ಸತ್ತುಹೋಯಿತು. ಡಬ್ಬಿಯ ಊಟ ಹಾಗೇ ಮನೆಗೆ ವಾಪಸು ಬರುತ್ತಿತ್ತು. ಬಾಯಿ ಒಣಗುತ್ತದೆಂದು ಬಾಟಲಿಗಟ್ಟಲೆ ನೀರು ಕುಡಿಯುತ್ತಿದ್ದಳು. ನಿದ್ದೆ ಬರುವುದಿಲ್ಲ ಎನ್ನುತ್ತಿದ್ದಳು, ಆದರೆ ಅದನ್ನೂ ನಗುತ್ತಲೇ ಹೇಳುತ್ತಿದ್ದಳು. ದೀಪಾವಳಿ ಕಳೆದು ಸಂಕ್ರಾಂತಿ ಬರುವ ಹೊತ್ತಿಗೆ ಮುಖದ ಎಲುಬು ಕಾಣತೊಡಗಿತ್ತು. ಖಾಕಿ ಅಂಗಿಯನ್ನು ಟೈಲರ್ ಹತ್ತಿರ ಕೊಟ್ಟು ಒಳಗೆ ಹೊಲಿಸಿಕೊಂಡಳು. ಡಿಪೋದಲ್ಲಿ ಜೊತೆಯ ಕಂಡಕ್ಟರುಗಳು "ಏನ್ರೀ ಕಲಾವತಿ, ಗುಟ್ಟು ನಮಗೂ ಹೇಳ್ರೀ" ಎಂದು ಸುತ್ತುಗಟ್ಟಿದರು. ಹಬ್ಬದ ದಿನ ನಮ್ಮ ಮನೆಗೆ ಎಳ್ಳು ಬೀರಲು ಬಂದಾಗ ಹೊಸ ಹಸಿರು ರವಿಕೆ ತೊಟ್ಟಿದ್ದಳು. "ನೋಡ್ರೀ ನರಸಮ್ಮಾರ, ಹಳೇ ಅಳತಿಗೆ ಹತ್ರ ಬಂದೀನಿ" ಎಂದು ತೋಳು ಚಾಚಿ ತೋರಿಸಿದಳು. ಅಷ್ಟು ಖುಷಿಯಾಗಿ ಅವಳನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಆ ಸಂಜೆ ವಿಠ್ಠಲ ಮೊಪೆಡ್ ಹೊರಗೆ ತಂದು, "ಬಾ, ಕೂಡು" ಎಂದ. ಅವಳು ಒಂದು ಕೈಯಲ್ಲಿ ಅವನ ಹೆಗಲು ಹಿಡಿದು ಹಿಂದೆ ಕೂತು ಹೋದದ್ದನ್ನು ಇಡೀ ವಠಾರ ನೋಡಿತು.

ತೂಕದ ಜೊತೆ ಬಿ.ಪಿ.ಯೂ ಇಳಿದಿರುತ್ತದೆ ಎಂದು ತಾನೇ ತೀರ್ಮಾನಿಸಿ ಬಿ.ಪಿ. ಮಾತ್ರೆಯನ್ನು ಒಂದು ದಿನ ತೆಗೆದುಕೊಂಡರೆ ಮೂರು ದಿನ ಬಿಡತೊಡಗಿದ್ದು ಆಮೇಲೆ ಗೊತ್ತಾಯಿತು.

ಅವಳ ಬಸ್ಸಿನ ಡ್ರೈವರ್ ಸೇತುರಾಮ ಮಾಗಡಿ ಕಡೆಯವನು, ನಿವೃತ್ತಿಗೆ ಹತ್ತಿರವಾಗಿದ್ದ ಮನುಷ್ಯ. ಕಲಾವತಿ ಚಿಲ್ಲರೆ ಎಣಿಸುವಾಗ ಬೆರಳು ನಡುಗುವುದನ್ನು ಮೊದಲು ಗಮನಿಸಿದವನು ಅವನೇ.

"ಕಲಾವತಮ್ಮ, ಯಾಕೆ ಕೈ ಹಿಂಗೆ ನಡುಗ್ತಾ ಇದೆ?"

"ಊಟ ಕಡಿಮಿ ಮಾಡೀನಲ್ರೀ ಅಣ್ಣಾರ, ಅದಕ್ಕ."

"ಊಟ ಕಮ್ಮಿ ಮಾಡಿದ್ರೆ ಸುಸ್ತಾಗುತ್ತೆ. ನಿಮ್ಮ ಮುಖ ನೋಡಿದ್ರೆ ಓಡ್ಕೊಂಡು ಬಂದೋರ ಥರ ಕೆಂಪಗಿದೆ. ಒಂದ್ಸಲ ಆಸ್ಪತ್ರೇಲಿ ತೋರಿಸ್ಬಿಡಿ."

"ಡಾಕ್ಟರ್ ಅದಾರ್ರೀ ನನಗ. ಕೇಳ್ತೀನಿ."

ನಿಜವಾಗಿಯೂ ಕೇಳಿದಳು. ಎದೆ ಡವಡವ ಹೊಡೆದುಕೊಳ್ಳುತ್ತದೆ, ತಲೆಯ ಹಿಂಭಾಗ ನೋಯುತ್ತದೆ ಎಂದು ಚೇತನಾಳಿಂದ ಇಂಗ್ಲಿಷಿನಲ್ಲಿ ಈಮೇಲ್ ಬರೆಸಿ ಕಳಿಸಿದಳು. ಮಾರನೆಯ ದಿನವೇ ಉತ್ತರ ಬಂತು. ಮಾತ್ರೆ ಕೆಲಸ ಮಾಡುತ್ತಿರುವುದರ ಲಕ್ಷಣ ಅದು, ಹೆದರಬೇಕಿಲ್ಲ, ನೀರು ಹೆಚ್ಚು ಕುಡಿಯಿರಿ, ಫಲಿತಾಂಶ ಚೆನ್ನಾಗಿರುವುದರಿಂದ ಮುಂದಿನ ಸಲ ಹೆಚ್ಚಿನ ಪವರಿನ ಮಾತ್ರೆ ಕಳಿಸುತ್ತೇವೆ ಎಂದಿತ್ತು. ಕೊನೆಗೆ ಡಾಕ್ಟರ ಹೆಸರು. ಮಗಳು ಅದನ್ನು ಕನ್ನಡದಲ್ಲಿ ಹೇಳಿದಾಗ ಕಲಾವತಿ, "ನೋಡು, ಎಷ್ಟು ಲಗೂ ಉತ್ತರ ಕೊಟ್ಟಾರ. ಆ ಆಸ್ಪತ್ರ್ಯಾಗ ತಾಸುಗಟ್ಲೆ ಕಾಯ್ದ್ರೂ ಮುಖ ಎತ್ತಿ ನೋಡಂಗಿಲ್ಲ" ಎಂದಳಂತೆ.

ಹೆಚ್ಚಿನ ಪವರಿನ ಮಾತ್ರೆ ಬಂತು. ಶಿವರಾತ್ರಿ ಕಳೆದು ಬಿಸಿಲು ಏರತೊಡಗಿದ್ದ ಒಂದು ಮಧ್ಯಾಹ್ನ ಬಸ್ಸು ಮೆಜೆಸ್ಟಿಕ್ಕಿನಿಂದ ವಾಪಸು ಬರುತ್ತಿತ್ತು. ನಾಯಂಡಹಳ್ಳಿ ಜಂಕ್ಷನ್ನಿನಲ್ಲಿ ಯಾವಾಗಲೂ ಇರುವಂತೆ ಲಾರಿಗಳು ಅಡ್ಡಾದಿಡ್ಡಿ ನಿಂತಿದ್ದವು. ಒಬ್ಬ ಮುದುಕಿಗೆ ಕಲಾವತಿ ಟಿಕೆಟ್ ಕೊಡುತ್ತಿದ್ದಳು. ಟಿಕೆಟ್ ಹರಿಯಲು ಹೋದ ಬಲಗೈ ಹಾಗೇ ಕೆಳಗೆ ಜೋತಾಡಿತು. ಅವಳು ಕೈಯನ್ನು ಆಶ್ಚರ್ಯದಿಂದ ನೋಡಿಕೊಂಡಳಂತೆ. ಏನೋ ಹೇಳಲು ಬಾಯಿ ತೆರೆದಳು. ಬಾಯಿ ಒಂದು ಕಡೆಗೆ ಎಳೆದುಕೊಂಡಿತು. ಚರ್ಮದ ಚೀಲದ ಸಮೇತ ಸೀಟುಗಳ ನಡುವೆ ಕುಸಿದಳು. ಚಿಲ್ಲರೆಯೆಲ್ಲ ಬಸ್ಸಿನ ತುಂಬ ಉರುಳಿತು.

ಜನ ಕೂಗಿಕೊಂಡರು. ಸೇತುರಾಮ ಗಾಡಿ ನಿಲ್ಲಿಸಿ ಹಿಂದೆ ಬಂದು ನೋಡಿದ. ಆಂಬುಲೆನ್ಸಿಗೆ ಫೋನ್ ಮಾಡಿ ಕಾಯುತ್ತಾ ಕೂತರೆ ಆ ಟ್ರಾಫಿಕ್ಕಿನಲ್ಲಿ ಅದು ಯಾವಾಗ ಬರಬೇಕು! ಮತ್ತೆ ಸ್ಟೇರಿಂಗ್ ಹಿಡಿದು ಕೂತು, ಹಿಂದಕ್ಕೆ ತಿರುಗಿ ಕೂಗಿ ಹೇಳಿದ: "ಎಲ್ರೂ ಕೇಳ್ರಪ್ಪಾ, ಬಸ್ ಆಸ್ಪತ್ರೆಗೆ ಹೋಗ್ತಾ ಇದೆ. ಇಳಿಯೋರು ಈಗಲೇ ಇಳ್ಕೊಳ್ಳಿ." ಕೆಲವರು ಇಳಿದರು. ಇಬ್ಬರು ಹುಡುಗರು ಕೆಳಗಿಳಿದು ಬಸ್ಸಿನ ಮುಂದೆ ಓಡುತ್ತಾ ಲಾರಿಗಳನ್ನು ಸರಿಸಿ ದಾರಿ ಮಾಡಿಕೊಟ್ಟರು. ಟಿಕೆಟ್ ಕೊಳ್ಳುತ್ತಿದ್ದ ಮುದುಕಿ ನೆಲದಲ್ಲೇ ಕೂತು ಕಲಾವತಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಹೆಡ್‌ಲೈಟ್ ಹಾಕಿಕೊಂಡು, ಹಾರ್ನ್ ಒತ್ತಿದ ಕೈ ತೆಗೆಯದೆ, ಸೇತುರಾಮ ಆ ದೊಡ್ಡ ಬಸ್ಸನ್ನು ಆಸ್ಪತ್ರೆಯ ಗೇಟಿನೊಳಗೇ ನುಗ್ಗಿಸಿದ.

ಮಿದುಳಿನಲ್ಲಿ ರಕ್ತನಾಳ ಒಡೆದಿತ್ತು. ಜೀವ ಉಳಿಯಿತು. ಬಲಗೈ ಬಲಗಾಲು ಹೋದವು, ಮಾತು ಹೋಯಿತು. ನಾವು ಹೇಳುವುದೆಲ್ಲ ಅವಳಿಗೆ ಅರ್ಥವಾಗುತ್ತಿತ್ತು. ಉತ್ತರ ಕೊಡಲು ಹೊರಟರೆ ಮಾತ್ರ ಬಾಯಿಗೆ ಒಂದೇ ಪದ ಬರುತ್ತಿತ್ತು, "ಟಿಕೆಟ್." ನೀರು ಬೇಕಾದರೂ ಟಿಕೆಟ್, ನೋವಾದರೂ ಟಿಕೆಟ್. ತಾನು ಹೇಳಬೇಕೆಂದದ್ದು ಅದಲ್ಲ ಎಂದು ಗೊತ್ತಾಗಿ ಕಣ್ಣಲ್ಲಿ ನೀರು ಸುರಿಸುತ್ತಿದ್ದಳು. ಇಂಥವರಿಗೆ ಹೀಗಾಗುವುದುಂಟು, ಎಷ್ಟೋ ವರ್ಷ ಹೇಳಿದ ಪದ ಒಂದು ಉಳಿದುಬಿಡುತ್ತದೆ ಎಂದರು ಡಾಕ್ಟರು. ವಿಠ್ಠಲ ಮನೆಯಿಂದ ತಂದ ಮಾತ್ರೆಯ ಪಟ್ಟಿ ನೋಡಿ ಅವರು ಹುಬ್ಬು ಗಂಟಿಕ್ಕಿ, "ಬಿ.ಪಿ. ಇರೋರಿಗೆ ಇದನ್ನ ಯಾರ್ರೀ ಕೊಟ್ಟೋರು?" ಎಂದು ಕೇಳಿದರು.

ಅದು ವಿಠ್ಠಲನ ಕಿವಿಯಲ್ಲಿ ಕೂತುಬಿಟ್ಟಿತು. ಕೊಟ್ಟವನನ್ನು ಹಿಡಿಯಬೇಕೆಂದು ಚೇತನಾಳನ್ನು ಕರೆದುಕೊಂಡು ರಾಜಾಜಿನಗರಕ್ಕೆ ಹೋದ. ಓದಲು ಜೊತೆಗೆ ಯಾರಾದರೂ ಬೇಕಿತ್ತು, ಅದಕ್ಕೆ. ವಿಳಾಸದಲ್ಲಿದ್ದದ್ದು ಒಂದು ಫರ್ನಿಚರ್ ಅಂಗಡಿಯ ಮೇಲಿನ ಕೋಣೆ. ಆಸ್ಪತ್ರೆಯ ವಾಸನೆಯಿಲ್ಲ, ಮಂಚವಿಲ್ಲ. ಮೂರ್ನಾಲ್ಕು ಹುಡುಗಿಯರು ಕಂಪ್ಯೂಟರ್ ಮುಂದೆ ಕೂತಿದ್ದರು. ಡಾಕ್ಟರ್ ಎಲ್ಲಿ ಎಂದು ಅವನು ಗುಡುಗಿದಾಗ ಅಂಬುಜಾ ಎಂಬ ಹುಡುಗಿ ಎದ್ದು ಬಂದಳು. ಚೇತನಾಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು.

"ಸರ್ ಶನಿವಾರ ಬರ್ತಾರೆ ಸಾರ್. ಚೀಟಿಗಳಿಗೆ ಸೈನ್ ಹಾಕಿ ಹೋಗ್ತಾರೆ."

"ಮತ್ತ ನಮ್ಮ ಈಮೇಲಿಗೆ ಉತ್ತರ ಬರೆದವ್ರು ಯಾರು?"

ಅಂಬುಜಾ ತಲೆ ತಗ್ಗಿಸಿದಳು. "ನಾವೇ ಸಾರ್. ಯಾವ ಪ್ರಶ್ನೆ ಬಂದ್ರೆ ಯಾವ ಉತ್ತರ ಹಾಕ್ಬೇಕು ಅಂತ ಮೊದಲೇ ಕೊಟ್ಟಿರ್ತಾರೆ. ನಾನು ಬಿ.ಕಾಂ. ಮಾಡಿರೋಳು. ನನಗೆ ಔಷಧಿ ಬಗ್ಗೆ ಏನೂ ಗೊತ್ತಿಲ್ಲ."

ಹೊಡೆಯಲೆಂದೇ ಹೋಗಿದ್ದ ವಿಠ್ಠಲನ ಕೈ ಮೇಲೇಳಲಿಲ್ಲ. ಆಗ ಒಳಗಿನಿಂದ ಮ್ಯಾನೇಜರ್ ಬಂದ. ವಿಷಯ ಕೇಳಿ, ಕಲಾವತಿಯ ಹೆಸರು ಹುಡುಕಿಸಿ, ಕಂಪ್ಯೂಟರಿನ ಪರದೆಯನ್ನು ಇವರ ಕಡೆ ತಿರುಗಿಸಿದ. ಸ್ವರ ಏರಿಸದೆ ಹೇಳಿದ: "ನೋಡಿ, ಬಿ.ಪಿ. ಇದೆಯಾ ಅಂತ ನಾವು ಕೇಳಿದೀವಿ. ಮೊದಲು ಇದೆ ಅಂತ ಹಾಕಿದೀರಾ, ಸಿಸ್ಟಮ್ ಬೇಡ ಅಂದಿದೆ. ಆಮೇಲೆ ನೀವೇ ವಾಪಸ್ ಬಂದು ಇಲ್ಲ ಅಂತ ಹಾಕಿದೀರಾ. ಪೊಲೀಸ್ ಹತ್ರ ಹೋಗ್ತೀರಾ? ಹೋಗಿ. ಇದನ್ನೇ ತೋರಿಸ್ತೀನಿ."

ವಿಠ್ಠಲ ಮಗಳ ಕಡೆ ತಿರುಗಿದ. "ಯಾರು ಹಾಕಿದ್ದು?"

ಚೇತನಾ ಬಿಳಿಚಿಕೊಂಡಿದ್ದಳು. "ನಾನಽ ಅಪ್ಪಾ" ಎಂದಳು. ಅವ್ವ ಹೇಳಿದ್ದಕ್ಕೆ ಹಾಕಿದೆ ಎಂಬ ಮಾತು ಅವಳ ಬಾಯಿಂದ ಬರಲಿಲ್ಲ. ಮಾತು ಬಾರದೆ ಮಲಗಿರುವ ತಾಯಿಯ ಮೇಲೆ ತಪ್ಪು ಹೊರಿಸಿದ ಹಾಗಾಗುತ್ತದೆ ಎನ್ನಿಸಿತಂತೆ.

ಸ್ಟೇಷನ್ನಿಗೂ ಹೋಗಿ ಬಂದರು. ಅಲ್ಲಿಯೂ ಅದೇ ಮಾತು, ನೀವೇ ಸುಳ್ಳು ಹೇಳಿದ್ದೀರಿ ಎಂದು. ಅಲ್ಲಿಂದಾಚೆಗೆ ವಿಠ್ಠಲ ಮಗಳ ಜೊತೆ ಮಾತು ಬಿಟ್ಟ. ಒಂದೇ ಕೋಣೆಯ ಮನೆಯಲ್ಲಿ ಅವಳು ಇಟ್ಟ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ತಾನೇ ಬಡಿಸಿಕೊಂಡು ಉಣ್ಣುತ್ತಿದ್ದ. ಹುಡುಗಿ ಪರೀಕ್ಷೆಗೆ ಕೂರಲಿಲ್ಲ. ತಾಯಿಯನ್ನು ಎತ್ತುವುದು, ತೊಳೆಯುವುದು, ತಲೆ ಬಾಚುವುದು ಇಷ್ಟೇ ಅವಳ ದಿನವಾಯಿತು. ಊರಿನಿಂದ ಬಂದ ವಿಠ್ಠಲನ ತಾಯಿ ಹನುಮವ್ವ ಬಾಗಿಲಲ್ಲಿ ಕೂತು ಬಂದವರಿಗೆಲ್ಲ "ಮಗಳಽ ಹಿಂಗ ಮಾಡಿದ್ಲು ನೋಡ್ರಿ" ಎಂದು ಹೇಳತೊಡಗಿದಳು. ಒಳಗೆ ಮಲಗಿದ್ದ ಕಲಾವತಿಗೆ ಅದು ಕೇಳಿಸುತ್ತದೆ ಎಂಬುದನ್ನು ಯಾರೂ ಯೋಚಿಸಿರಲಿಲ್ಲ.

ಒಂದು ಸಂಜೆ ನಾನು ಅವರ ಮನೆಯಲ್ಲಿದ್ದೆ. ಹನುಮವ್ವ ಮತ್ತೆ ಅದೇ ಮಾತು ತೆಗೆದಳು. ವಿಠ್ಠಲ ಗೋಡೆ ನೋಡುತ್ತ ಕೂತಿದ್ದ. ಇದ್ದಕ್ಕಿದ್ದ ಹಾಗೆ ಚಾಪೆಯ ಮೇಲಿದ್ದ ಕಲಾವತಿ ಎಡಗೈಯಿಂದ ನೆಲ ಬಡಿದಳು. ಎಲ್ಲರೂ ತಿರುಗಿದೆವು. ಅವಳು ಮಗಳ ಕಡೆ ಬೆರಳು ತೋರಿಸಿ ತಲೆಯನ್ನು ಅಡ್ಡಡ್ಡ ಆಡಿಸಿದಳು. ಆಮೇಲೆ ಅದೇ ಕೈಯನ್ನು ಮುಷ್ಟಿ ಮಾಡಿ ತನ್ನ ಎದೆಗೆ ಹೊಡೆದುಕೊಂಡಳು. "ಟಿಕೆಟ್" ಎಂದಳು. ಮತ್ತೆ ಹೊಡೆದುಕೊಂಡಳು. "ಟಿಕೆಟ್. ಟಿಕೆಟ್." ಬೇರೆ ಪದಕ್ಕಾಗಿ ಅವಳ ಕತ್ತಿನ ನರಗಳೆಲ್ಲ ಉಬ್ಬಿದವು. ಕೊನೆಗೆ ಗಂಟಲಿನಿಂದ ಕಿತ್ತುಕೊಂಡು ಬಂದ ಹಾಗೆ "ನಾ... ನಾ..." ಎಂಬ ಸದ್ದು ಬಂತು.

ವಿಠ್ಠಲ ಹತ್ತಿರ ಬಂದು ಕೂತ. "ನೀನಾ? ನೀ ಹೇಳಿದೆಯಾ ಹಾಕು ಅಂತ?"

ಅವಳು ಹೌದೆಂದು ಜೋರಾಗಿ ತಲೆಯಾಡಿಸಿದಳು. ಆಡಿಸುತ್ತಲೇ ಇದ್ದಳು. ವಿಠ್ಠಲ ಅವಳ ಎಡಗೈಯನ್ನು ಹಿಡಿದು ಹೊಡೆದುಕೊಳ್ಳುವುದನ್ನು ನಿಲ್ಲಿಸಿದ. ಅವನ ಮುಖ ಒಮ್ಮೆಲೇ ಮುದುಕನದಾಗಿತ್ತು. "ನಾ ಗಾಡಿ ಮ್ಯಾಲ ಬ್ಯಾಡ ಅಂದಿದ್ನಲ್ಲ..." ಎಂದು ಶುರುಮಾಡಿ ನಿಲ್ಲಿಸಿಬಿಟ್ಟ. ಚೇತನಾ ಅಡುಗೆಕಟ್ಟೆಗೆ ಒರಗಿ ನಿಂತಿದ್ದವಳು ಅಲ್ಲೇ ಕುಸಿದು ಕೂತು ಬಿಕ್ಕಿದಳು. ಹನುಮವ್ವ ಎದ್ದು ಹೊರಗೆ ಹೋದಳು. ಆ ಮಾತನ್ನು ಅವಳು ಮತ್ತೆ ಎತ್ತಲಿಲ್ಲ.

ಕಲಾವತಿ ಅದಾದಮೇಲೆ ಒಂದು ವರ್ಷಕ್ಕಿಂತ ಹೆಚ್ಚು ಬದುಕಲಿಲ್ಲ. ಎರಡನೆಯ ಸಲ ಸ್ಟ್ರೋಕ್ ಆದಾಗ ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಹೋಗಿಬಿಟ್ಟಳು. ಸೇತುರಾಮ ಅಷ್ಟರಲ್ಲಿ ನಿವೃತ್ತನಾಗಿದ್ದ. ಹೆಣ ಹೊರಡುವ ಮೊದಲೇ ಬಂದು ಒಂದು ಹೆಗಲು ಕೊಟ್ಟ. ರಾಜಾಜಿನಗರದ ಕೋಣೆಯಲ್ಲಿ ಈಗ ಟ್ಯೂಷನ್ ನಡೆಯುತ್ತದಂತೆ. ಆ ಡಾಕ್ಟರು ಎಲ್ಲಿಯವರು, ಅವರಿಗೆ ಕಲಾವತಿಯ ಹೆಸರಾದರೂ ಗೊತ್ತಿತ್ತೋ ಇಲ್ಲವೋ, ಯಾರಿಗೂ ತಿಳಿಯಲಿಲ್ಲ.

ಅಪ್ಪ ಮಗಳು ಮಾತಾಡುತ್ತಾರೆ. ಚೇತನಾ ಮೈಸೂರು ರಸ್ತೆಯ ಒಂದು ಗಾರ್ಮೆಂಟ್ಸಿಗೆ ಹೋಗುತ್ತಿದ್ದಾಳೆ. ಮುಂದೆ ಓದು ಎಂದು ವಿಠ್ಠಲ ಎಷ್ಟು ಹೇಳಿದರೂ ಒಪ್ಪಲಿಲ್ಲ. ಮೊನ್ನೆ ನಲ್ಲಿಯ ಹತ್ತಿರ ಬಿಂದಿಗೆ ತುಂಬುವವರೆಗೂ ನನ್ನ ಜೊತೆ ನಿಂತಿದ್ದಳು. ನಾನು, "ನಿಮ್ಮಮ್ಮ ಅವತ್ತೇ ಎಲ್ಲರ ಮುಂದೆ ಹೇಳಿದ್ಲಲ್ಲ ಕಣೇ, ಇನ್ನೂ ಯಾಕೆ ಮನಸ್ಸಿಗೆ ಹಚ್ಕೊಂಡಿದೀಯ?" ಎಂದೆ.

"ಹೇಳಿದ್ದು ಹೌದು ಆಂಟಿ," ಎಂದಳು ಚೇತನಾ. "ಆದ್ರ ಕೆಂಪು ಅಕ್ಷರ ಓದಾಕ ಬರ್ತಿದ್ದಿದ್ದು ನನಗಽ. ಅವ್ವಗ ಇಂಗ್ಲಿಷ್ ಬರ್ತಿರಲಿಲ್ಲ."

ಬಿಂದಿಗೆ ತುಂಬಿತು. ಸೊಂಟಕ್ಕಿಟ್ಟುಕೊಂಡು ಒಳಗೆ ಹೋದಳು.